ಅಹವಾಲು ಸಭೆಯ ದಿನದ ಅಡುಗೆ

ರಕ್ಷಿತ ಕಾಡಿನ ಅತಿಥಿಗೃಹದಲ್ಲಿ ಅಡುಗೆ ಮಾಡುವ ಅವಳನ್ನು ಎಲ್ಲರೂ ಕರೆಯುವುದು ಅಡುಗೆ ಅಕ್ಕ ಎಂದೇ. ಸಾಹೇಬರ ಹಾಸಿಗೆ ಕೊಡವಿ, ಬೇಯಿಸಿ ಬಡಿಸಿ, ಪಾತ್ರೆ ಬೆಳಗಿ ಮನೆಗೆ ಹೋದರೆ ಅಲ್ಲೂ ಅದೇ ಕೆಲಸ, ಸಂಬಳವೊಂದಿಲ್ಲ. ಗಂಡ ಕಾಡಿನಂಚಿನ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಅವನ ಅಂಗಿಯ ಕೆಂಪು ಧೂಳು ಎಷ್ಟು ತಿಕ್ಕಿದರೂ ಬಿಡದು. ತೊಳೆಯುವ ನೀರು ಕಾಡೊಳಗಿನ ಗುಡ್ಡದ ಒರತೆಯದು. ಬೇಸಿಗೆಯಲ್ಲಿ ಜಿಂಕೆಗಳಿಗೂ ಅದೇ ಗತಿ. ಹೊತ್ತು ತರುವವಳು ಅವಳೇ.

ಈಗ ಆ ಗುಡ್ಡವನ್ನೇ ಕಾಡಿನ ಗಡಿಯಿಂದ ಕಿತ್ತು ಗಣಿಗೆ ಕೊಡುವ ಮಾತು. ಜನರ ತಕರಾರು ಕೇಳಲು ಅತಿಥಿಗೃಹದಲ್ಲೇ ಸಭೆ. ಊಟ ಗಣಿಯವರದು. ಅಡುಗೆಗೆ ಕೇರಿಯ ಹೆಂಗಸರನ್ನೆಲ್ಲ ಕೂಲಿಗೆ ಕರೆಸಿದ್ದರು. ಇಷ್ಟೊಂದು ಕೈ ಯಾಕೆ ಎಂದು ಅವಳಿಗೆ ಅನಿಸಿತ್ತು. ಒಂದು ದಿನವಾದರೂ ಕೆಲಸ ಹಗುರವಾಯಿತಲ್ಲ ಎಂದು ಸುಮ್ಮನಾಗಿದ್ದಳು.

ಈರುಳ್ಳಿ ಹೆಚ್ಚುತ್ತಿದ್ದಾಗ ಕಿಟಕಿಯಿಂದ ಗುಮಾಸ್ತನಿಗೆ ಹೇಳುತ್ತಿದ್ದ ಸಭೆಯ ಅಧಿಕಾರಿಯ ದನಿ ಕೇಳಿತು. "ಹೆಂಗಸರ ಕಡೆಯಿಂದ ತಕರಾರಿಲ್ಲ ಅಂತ ಬರ್ಕೊಳ್ಳಪ್ಪ. ಒಬ್ಬರೂ ಬಂದಿಲ್ಲ ನೋಡು."

ಬರುವುದು ಹೇಗೆ? ಎಲ್ಲರ ಕೈಯೂ ಹಿಟ್ಟಿನಲ್ಲಿತ್ತು.

ಅವಳು ಈರುಳ್ಳಿ ಅಲ್ಲೇ ಬಿಟ್ಟು ಎದ್ದಳು. ಗ್ಯಾಸ್ ಆರಿಸಿದಳು. "ಏಳ್ರೇ ಎಲ್ಲಾ. ನಮ್ಮ ಬಾಯಿ ಮುಚ್ಚಿಸೋಕೇ ಇಲ್ಲಿ ಕೂರಿಸಿದಾರೆ."

"ಅಯ್ಯೋ, ಅರ್ಧ ಬೆಂದಿದೆಯಲ್ಲೇ!" ಅಂದಳು ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದ ಅವಳ ಅತ್ತಿಗೆ.

"ಒಂದು ಹೊತ್ತು ಉಪವಾಸ ಇದ್ರೆ ಯಾರೂ ಸಾಯಲ್ಲ."

ಒದ್ದೆ ಕೈಯಲ್ಲೇ ಸಭೆಗೆ ನುಗ್ಗಿದಳು. ಮುಂದಿನ ಸಾಲಲ್ಲಿದ್ದ ಗಂಡ ಎದ್ದ. "ಲೇ, ಇಲ್ಲೇನೇ ನಿನ್ನ ಕೆಲಸ? ಒಲೆ ನೋಡ್ಹೋಗು. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಗುಡ್ಡ ಹೋದ್ಮೇಲೆ ನೀರು ಎಲ್ಲಿಂದ ತರ್ಲಿ? ಇಷ್ಟು ವರ್ಷದಲ್ಲಿ ಒಂದು ಕೊಡ ಎತ್ತಿದೀರಾ ನೀವು?"

ಹಿಂದೆ ಯಾರೋ ಕಿಸಕ್ಕೆಂದರು. ಕಾಡಿನ ದೊಡ್ಡ ಸಾಹೇಬ ಗಣಿ ಮ್ಯಾನೇಜರನ ಪಕ್ಕದಲ್ಲಿ ಉಗುರು ನೋಡುತ್ತ ಕೂತಿದ್ದ. ಅವಳ ಕೈಯೂಟ ಉಂಡು ಕೈ ತೊಳೆಯುವಾಗಲೆಲ್ಲ, ಕಾಡೇ ನನ್ನ ಜೀವ ಎನ್ನುತ್ತಿದ್ದವನು.

ಸಭೆಯ ಅಧಿಕಾರಿ ನಕ್ಕ. "ಆಯ್ತಮ್ಮ, ಮೊದಲು ಊಟ ಬಡಿಸು. ಆಮೇಲೆ ನಿಧಾನಕ್ಕೆ ಬರ್ಕೊಳ್ಳೋಣ."

"ಊಟ ಇಲ್ಲ ಸಾರ್. ಗ್ಯಾಸ್ ಆರಿಸಿ ಬಂದಿದೀವಿ. ಮೊದಲು ಬರ್ಕೊಳ್ಳಿ."

ಬಾಗಿಲಲ್ಲಿ ಅತ್ತಿಗೆ ಕಂಡಳು. ಅವಳ ಹಿಂದೆ ಉಳಿದವರೂ ಕೈಗೆ ಮೆತ್ತಿದ ಹಿಟ್ಟು ಉದುರಿಸುತ್ತ ಒಳಬಂದರು.

"ಇವತ್ತಿನ ಕೂಲಿ ಮರ್ತುಬಿಡಿ," ಎಂದ ಮ್ಯಾನೇಜರ್.

"ಮನೆಗೆ ಬಾ, ನೋಡ್ಕೋತೀನಿ," ಎಂದ ಗಂಡ.

ಗುಮಾಸ್ತ ಬರೆದಿದ್ದನ್ನು ಹೊಡೆದುಹಾಕಿದ. ಅಧಿಕಾರಿ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟ. "ಹೇಳಮ್ಮ, ಬೇಗ. ಏನು ತಕರಾರು?"

ಅವಳು ಗಂಡ ಎದ್ದು ಖಾಲಿಯಾಗಿದ್ದ ಕುರ್ಚಿ ಎಳೆದುಕೊಂಡಳು.

"ಕೂತ್ಕೊಂಡು ಹೇಳ್ತೀನಿ ಸಾರ್. ತುಂಬಾ ಇದೆ."