ಕೇಳಿಸ್ತು, ಮುಂದ ಹೇಳು

ಸತ್ತವರು ಬಂದರು, ದನಿ ಕೇಳಿಸಿತು ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಇಪ್ಪತ್ತು ವರ್ಷ ಸಣ್ಣ ವಿಮಾನ ಓಡಿಸಿದವನು. ಮೋಡದೊಳಗೆ ಹೊಕ್ಕರೆ ಎದುರಿನ ಮೀಟರುಗಳ ಮುಳ್ಳು ತೋರಿಸಿದ್ದಷ್ಟೇ ಖರೆ, ಉಳಿದದ್ದೆಲ್ಲ ಭ್ರಮೆ ಎಂದು ಕಲಿತವನು. ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನನ್ನು ಸಾಕಿದವಳು ಅಕ್ಕ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನೆಂಟು. ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬೆಂಗಳೂರಿನಿಂದ ವಿಮಾನದಲ್ಲಿ ಊರಿಗೆ ಹೊರಡುವ ಮುಂಚೆ ಫೋನ್ ಮಾಡಿದೆ.

"ಲಗೂ ಬಾರೋ, ನಿನ್ನ ಮಾರಿ ನೋಡಬೇಕು," ಎಂದಳು.

"ನಾಕಕ್ಕ ಇಳೀತೇನಿ ಅಕ್ಕಾ. ಇಳದ ಕೂಡ್ಲೆ ಹೇಳ್ತೇನಿ," ಎಂದೆ.

ಅಂದು ವಿಮಾನದಲ್ಲಿ ನಾನೊಬ್ಬನೇ. ಹಾವೇರಿ ದಾಟುವಾಗ ದಟ್ಟ ಮೋಡದಲ್ಲಿ ರೇಡಿಯೊ ಸತ್ತಿತು. ಇಂಥ ಹೊತ್ತಿಗೆ ನಮಗೆ ನಿಯಮವಿದೆ. ಮೊದಲೇ ಒಪ್ಪಿದ ದಾರಿ, ಎತ್ತರ, ವೇಳೆ ಬಿಡಬಾರದು. ಉತ್ತರ ಬರದಿದ್ದರೂ ಮೈಕಿನಲ್ಲಿ ಹೇಳುತ್ತಲೇ ಇರಬೇಕು, ಯಾರಿಗಾದರೂ ಕೇಳಿಸುತ್ತಿರಬಹುದು. ಹೇಳಿದ್ದನ್ನು ಎದುರಿನವರು ತಿರುಗಿ ಹೇಳಿದರೆ ಮಾತ್ರ ಕೇಳಿಸಿತು ಎಂದು ಅರ್ಥ.

ಹೇಳುತ್ತ ಇಳಿದೆ. ಎಂಟು ಸಾವಿರ ಅಡಿ. ಆರು ಸಾವಿರ. ನಾಲ್ಕು ಸಾವಿರ. ಯಾರೂ ತಿರುಗಿ ಹೇಳಲಿಲ್ಲ. ಹೊರಗೆ ಬರೀ ಬಿಳುಪು. ನಾಚಿಕೆ ಬಿಟ್ಟು ಹೇಳುತ್ತೇನೆ, ಹೆದರಿ ಅತ್ತೇಬಿಟ್ಟೆ. ಅಷ್ಟರಲ್ಲಿ ಮೋಡ ಹರಿದು ರನ್‌ವೇ ಕಂಡಿತು, ಇಳಿಯಬಹುದು ಎನ್ನುವ ಹಸಿರು ದೀಪವೂ ಟವರಿನಲ್ಲಿ ಕಂಡಿತು.

ಇಳಿದ ಮೇಲೆ ಮೆಕ್ಯಾನಿಕ್, ವರದಿ, ಸಹಿ ಎಂದು ಒಂದು ತಾಸು ಹೋಯಿತು. ಮನೆ ಮುಟ್ಟಿದಾಗ ಅಕ್ಕನ ಉಸಿರು ನಿಂತು ಹತ್ತು ನಿಮಿಷವಾಗಿತ್ತು. ಮೈ ಇನ್ನೂ ಬೆಚ್ಚಗಿತ್ತು.

ರೇಡಿಯೊ ಕೆಟ್ಟದ್ದನ್ನು ನಾನಿನ್ನೂ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಅಕ್ಕನ ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿ ಸುಮಾ ತಾನಾಗಿಯೇ ಹೇಳಿದಳು:

"ಮೂರೂವರಿ ಆದ ಮ್ಯಾಲೆ ಅಕ್ಕಾರು ಕಣ್ಣು ಮುಚ್ಚಕೊಂಡು ಏನೋ ಎಣಸಾಕತ್ತಿದ್ರು ನೋಡ್ರಿ. 'ಎಂಟು ಸಾವಿರ, ಕೇಳಿಸ್ತು. ಆರು ಸಾವಿರ, ಕೇಳಿಸ್ತು. ನಾಕು ಸಾವಿರ, ಕೇಳಿಸ್ತು. ಅಳಬ್ಯಾಡೋ ಹುಚ್ಚಪ್ಪಾ.' ಜ್ವರದಾಗ ಬಡಬಡಸಾಕತ್ತಾರ ಅನಕೊಂಡೆ. ಆಮ್ಯಾಲೆ ಕಡೀತನಕಾ ಒಂದ ಮಾತು ನೋಡ್ರಿ: 'ಯಾಕ ಸುಮ್ಮನಾದಿ? ಕೇಳಿಸ್ತು, ಮುಂದ ಹೇಳು.'"

ರೇಡಿಯೊ ಒಳಗೆಲ್ಲ ಸುಟ್ಟಿತ್ತು, ನನ್ನ ಮಾತು ವಿಮಾನದ ಹೊರಗೇ ಹೋಗಿರಲಿಕ್ಕಿಲ್ಲ ಎಂದು ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳಿದ. ಹಾಗಾದರೆ ಅಕ್ಕನಿಗೆ ಹೇಗೆ ಕೇಳಿಸಿತು? ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರಿದ್ದರೆ ಹೇಳಲಿ, ಈಗ ನಗುವುದಿಲ್ಲ.

ಕೆಟ್ಟ ರೇಡಿಯೊದಲ್ಲಿ ಅಷ್ಟು ಹೊತ್ತು ಕೂಗಿದ ನಾನು, ಇಳಿದ ಮೇಲೆ ಆ ಒಂದು ತಾಸು, "ಮುಟ್ಟಿದೆ ಅಕ್ಕಾ" ಎಂದು ಒಂದು ಮಾತು ಹೇಳಲಿಲ್ಲ. ಫೋನ್ ಜೇಬಿನಲ್ಲೇ ಇತ್ತು. ಅದಕ್ಕೇನೂ ಆಗಿರಲಿಲ್ಲ.