ಹಾವಗೆಪ್ಪ ತಿಂದ ಪ್ಯಾದೆ

ಆಟ ಶುರುವಾಗುವ ಮೊದಲೇ ಎಕಂಬಾದ ಹಾವಗೆಪ್ಪ ತನ್ನದೇ ಪ್ಯಾದೆಯೊಂದನ್ನು ತಿಂದುಬಿಟ್ಟ. ಚದುರಂಗದಲ್ಲಿ ತಿನ್ನುವುದೆಂದರೆ ಎದುರಾಳಿಯ ಕಾಯಿ ಹೊಡೆಯುವುದು. ಇವನು ಹಲ್ಲಿನಿಂದಲೇ ತಿಂದಿದ್ದ.

ತಪ್ಪು ಅಡಿಕೆಯದು. ಬೀದರಿನ ಆ ಪಂದ್ಯಕ್ಕೆ ಜೋಸೆಫ ಮಾಸ್ತರರು ತಂದ ಕಾಯಿಗಳಲ್ಲಿ ಒಂದು ಪ್ಯಾದೆ ಕಳೆದುಹೋಗಿತ್ತು. ಅದರ ಬದಲು ಹಾವಗೆಪ್ಪನ ಬಲಗಡೆಯ ಆನೆಯ ಮುಂದೆ ಅಡಿಕೆಯೊಂದನ್ನು ಕಾವಲಿಗೆ ಕೂರಿಸಿದ್ದರು. ಕುರಿ ಕಾಯುವ ಹಾವಗೆಪ್ಪನಿಗೆ ಚಿಂತೆ ಹತ್ತಿದರೆ ಕೈ ಅಡಿಕೆ ಹುಡುಕುವುದು ರೂಢಿ. ಅಂದಿನ ಚಿಂತೆ ದೊಡ್ಡದು. ಎದುರಿಗಿದ್ದವರು ಭಾಲ್ಕಿಯ ಮುನ್ಷಿ ಕುತುಬೋದ್ದೀನ ಸಾಹೇಬರು. ಹನ್ನೊಂದು ವರ್ಷ ಸಂತೆಗೆ ಹೋದಾಗಲೆಲ್ಲ ಇವನು ಅವರಿಗೆ ಸೋತು ಬಂದಿದ್ದ. ಹೆಂಡತಿ ಹೀರಾಬಾಯಿ ಬುತ್ತಿ ಕಟ್ಟುತ್ತ ಹೇಳಿದ್ದಳು: “ಈ ಸಲ ಸೋತು ಬಂದ್ರ ನಿಮ್ಮ ಚದುರಂಗದ ಹಲಿಗಿ ನನ್ನ ಒಲಿಗಿ.” ಆಕೆ ಆಡಿದಂತೆ ಮಾಡುವವಳು.

“ಮಾಸ್ತರ, ಬ್ಯಾರೆ ಅಡಿಕಿ ಇಡ್ರಿ.”

“ತಿಂದದ್ದು ತಿಂದಂಗ. ಎಷ್ಟಂತ ಇಡ್ಲಿ?” ಎಂದರು ಮಾಸ್ತರರು.

“ಎಲಿ-ಸುಣ್ಣ ತರಿಸ್ಲೇನ್ರಿ ಹಾವಗೆಪ್ಪ?” ಎಂದರು ಮುನ್ಷಿಗಳು. “ಉಳಿದ ಫೌಜೂ ಇಳೀತದ.”

ಕೂಡಿದ್ದವರೆಲ್ಲ ನಕ್ಕರು. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಎರಡನೆಯ ಚಳಿಗಾಲ ಅದು. ಇಷ್ಟು ಜನ ಒಂದೆಡೆ ಕೂತು ನಕ್ಕು ಬಹಳ ದಿನವಾಗಿತ್ತು.

ಆ ನಗುವೇ ಮುನ್ಷಿಗಳಿಗೆ ಮುಳುವಾಯಿತು. ಹಗುರಾಗಿ ಆಡುತ್ತ ಆಡುತ್ತ ತಮ್ಮ ಬಾದಶಹನನ್ನು ಜೋಪಾನವಾಗಿ ಮೂಲೆಗೆ ಸರಿಸಿದರು. ಆ ಮೂಲೆಯೋ, ಹಾವಗೆಪ್ಪನ ಆನೆಯ ನೇರಕ್ಕೇ ಇತ್ತು. ಅಡಿಕೆ ಹೊಟ್ಟೆ ಸೇರಿದ್ದರಿಂದ ಆ ಸಾಲು ಬಾಗಿಲು ತೆಗೆದ ಕುರಿಹಟ್ಟಿಯಂತೆ ಬಟಾಬಯಲು. ಹಾವಗೆಪ್ಪ ಆನೆಯ ಮುಂದೆ ವಜೀರನನ್ನು ತಂದು ನಿಲ್ಲಿಸಿದ. ಮುನ್ಷಿಗಳು ಹಲಗೆಯ ಇನ್ನೊಂದು ತುದಿಯಲ್ಲಿ ಒಂಟೆಯೊಂದನ್ನು ಹೊಡೆದು ಗಡ್ಡ ನೀವಿಕೊಂಡರು. ವಜೀರ ನೆಟ್ಟಗೆ ನುಗ್ಗಿ ಬಾದಶಹನ ಮುಂದಿದ್ದ ಪ್ಯಾದೆಯನ್ನು ಕೆಡವಿದ, ಬೆನ್ನಿಗೆ ಆನೆ. ಬಾದಶಹ ಕಾಲಿಡಲು ಒಂದು ಮನೆಯೂ ಉಳಿಯಲಿಲ್ಲ.

ಹಾವಗೆಪ್ಪ ಆಡಿದ್ದು ಒಂದೇ ಮಾತು.

“ಶಹ್ ಮಾತ್ ರಿ, ಸಾಹೇಬ್ರ.”

ಮುನ್ಷಿಗಳು ಹಲಗೆಯನ್ನು ನೋಡಿದರು, ಆನೆಯನ್ನು ನೋಡಿದರು, ಆಮೇಲೆ ಎದ್ದು ಬಂದು ಅವನನ್ನು ತಬ್ಬಿಕೊಂಡರು. “ಹನ್ನೊಂದು ಸಾಲ್ ಕಾದ್ರಲ್ರಿ, ಶಾಬಾಸ್.”

ಜೋಸೆಫ ಮಾಸ್ತರರಿಗೆ ಮಾತ್ರ ಬೇರೆಯೇ ಬೆರಗು. ಕನ್ನಡಕ ಒರೆಸಿ, ನೋಟುಬುಕ್ಕು ತೆಗೆದು, ಹತ್ತಿರ ಕೂತರು.

“ಸುರುವಿಗೇ ಒಂದು ಪ್ಯಾದಾ ಬಿಟ್ಟುಕೊಟ್ಟು ಆನಿಗಿ ದಾರಿ ತೆಗೆಯೋದು ದೊಡ್ಡ ದೊಡ್ಡ ಪುಸ್ತಕದಾಗಿನ ವಿದ್ಯಾ. ಖರೇ ಹೇಳ್ರಿ ಹಾವಗೆಪ್ಪ, ಈ ಹೂಟ ಯಾರ ಕೈಯಾಗ ಕಲಿತ್ರಿ?”

ಹಾವಗೆಪ್ಪ ನಾಲಿಗೆಯಿಂದ ದವಡೆ ತಡವಿದ.

“ಮೊದಲ ಒಂದು ಬೇವಿನ ಕಡ್ಡಿ ಕೊಡ್ರಿ ಮಾಸ್ತರ. ಪ್ಯಾದಾ ಇನ್ನೂ ಹಲ್ಲಾಗೇ ಸಿಕ್ಕೊಂಡದ.”