ಜಯಲತಾ ಟೀಚರಿಗೆ ಬಿಟ್ಟುಕೊಟ್ಟ ಸೀಟು

ಮುಂಬಯಿ ಹತ್ತಿರದ ಡೊಂಬಿವಲಿಯ ಜಯಲತಾ ಬೇಲಾಪುರದ ಒಂದು ಕ್ಲಾಸಿನಲ್ಲಿ ಬ್ಯಾಂಕ್ ಪರೀಕ್ಷೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ದಿನವೂ ಥಾಣೆ ಸ್ಟೇಷನ್ನಿನಲ್ಲಿ ಇಳಿದು, ಸೇತುವೆ ಹತ್ತಿ ಓಡಿ, ಪನ್ವೇಲ್ ಲೋಕಲ್ ಹಿಡಿಯುವಷ್ಟರಲ್ಲಿ ಲೇಡೀಸ್ ಡಬ್ಬಿಯ ಸೀಟೆಲ್ಲ ಭರ್ತಿ. ನಿಂತು ನಿಂತು ಕಾಲು ಬಾತುಹೋಗುತ್ತಿತ್ತು. ಥೈರಾಯ್ಡಿನಿಂದ ಹೊಟ್ಟೆಯೂ ಊದಿದ ವರ್ಷ ಅದು.

ಒಂದು ದಿನ, ಅದೇ ಡಬ್ಬಿಯಲ್ಲಿ ನಿತ್ಯ ಬರುವ ಉಡುಪಿ ಕಡೆಯ ದ್ರೌಪದಿಯಕ್ಕ ಆ ಹೊಟ್ಟೆ ನೋಡಿದವಳೇ ಎದ್ದು ನಿಂತಳು. "ಎಂತ ಮಾರಾಯ್ತಿ, ಹೇಳುವುದಲ್ವಾ? ನಿನ್ನ ಮಗಳು ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ದೇವರು ಕಣ್ಣು ಬಿಟ್ಟನಲ್ಲ! ಕೂತ್ಕೋ."

ಜಯಲತಾ ಬಾಯಿ ತೆರೆದಳು. ಕೂತಳು. ಸೀಟು ಬೆಚ್ಚಗಿತ್ತು, ಬಾಯಿ ತಾನಾಗಿ ಮುಚ್ಚಿತು. ಮರುದಿನದಿಂದ ಡಬ್ಬಿಯ ಗೆಳತಿಯರು ಅವಳಿಗೆಂದೇ ಜಾಗ ಹಿಡಿದಿಡತೊಡಗಿದರು. ಮಂಡಿನೋವಿನ ದ್ರೌಪದಿಯಕ್ಕ ಎಷ್ಟೋ ದಿನ ಕಂಬ ಹಿಡಿದು ನಿಂತಳು. ಇವಳು ಕಿಟಕಿಯಾಚೆ ನೋಡಿದಳು.

ಆ ತಿಂಗಳಲ್ಲೇ ಪಾಠದಲ್ಲಿ 'ಕ್ಯಾಷ್ ಇನ್ ಆನ್' ಬಂತು. "ಒದಗಿ ಬಂದ ಸಂದರ್ಭವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವುದು. ಹೆಚ್ಚಾಗಿ ಮೆಚ್ಚಿ ಹೇಳುವ ಮಾತಲ್ಲ" ಎಂದಳು.

ಮಾನಸಿ ಎಂಬ ಹುಡುಗಿ ಎದ್ದಳು. "ಮಳೆಗೆ ಟ್ರೇನ್ ನಿಂತರೆ ರಿಕ್ಷಾದವ ಡಬಲ್ ಕೇಳ್ತಾನಲ್ಲ, ಮಿಸ್, ಹಾಗೆ?"

"ಹಾಗೇ. ಜನರ ಅವಸರವನ್ನೂ ಹಿಂಡಬಹುದು, ಮರುಕವನ್ನೂ ಹಿಂಡಬಹುದು."

"ಮರುಕಕ್ಕೆ ಒಂದು ಉದಾಹರಣೆ ಕೊಡಿ, ಮಿಸ್."

ಜಯಲತಾ ಬೋರ್ಡಿನ ಕಡೆ ತಿರುಗಿ, ಅಳಿಸಿದ್ದನ್ನೇ ಮತ್ತೆ ಅಳಿಸಿದಳು. ನಾಳೆ ರೈಲಿನಲ್ಲಿ ನಿಜ ಹೇಳಿಬಿಡುತ್ತೇನೆ ಅಂದುಕೊಂಡಳು. ನಾಳೆ ಬಂದಾಗ ಮತ್ತೆ ನಾಳೆ.

ಒಂದು ಶುಕ್ರವಾರ ಡಬ್ಬಿ ಹತ್ತಿದರೆ, ಕಂಬಗಳಿಗೆಲ್ಲ ಹೂಮಾಲೆ! ಬಸುರಿ ಗೆಳತಿಗೆ ಓಡುವ ರೈಲಿನಲ್ಲೇ ಸೀಮಂತ ಮಾಡುವುದು ಈ ಹೆಂಗಸರ ರೂಢಿ. ಒಬ್ಬಳು ಮರಾಠಿ ಹಾಡು ಎತ್ತಿದಳು. ದ್ರೌಪದಿಯಕ್ಕ ಅವಳನ್ನು ಕೂರಿಸಿ, ಹಸಿರು ಬಳೆ ತೊಡಿಸಲು ಕೈ ಹಿಡಿದಳು.

ಜಯಲತಾ ಕೈ ಎಳೆದುಕೊಂಡಳು. "ಬೇಡಕ್ಕ. ನಾನು ಬಸುರಿಯಲ್ಲ. ಮೊದಲ ದಿನವೂ ಆಗಿರಲಿಲ್ಲ. ಸೀಟಿನ ಆಸೆಗೆ ಸುಮ್ಮನಿದ್ದೆ."

ಹಾಡು ನಿಂತಿತು. "ಅಗಂಬಾಯಿ!" ಎಂದು ಯಾರೋ ಮರಾಠಿಯಲ್ಲಿ ಬೆರಗಾದರು.

"ನನ್ನ ಮಂಡಿ ನೋವು ನಿಂಗೆ ಗೊತ್ತಿತ್ತಲ್ವಾ?" ದ್ರೌಪದಿಯಕ್ಕ ಮೆಲ್ಲಗೆ ಕೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಗೊತ್ತಿತ್ತು."

ಜಯಲತಾ ಎದ್ದು ಜಾಗ ಬಿಟ್ಟಳು. ದ್ರೌಪದಿಯಕ್ಕ ಕೂತು, ಸೀಮಂತಕ್ಕೆಂದು ತಂದಿದ್ದ ಲಾಡಿನ ಡಬ್ಬ ಅವಳ ಕೈಗಿತ್ತಳು. "ಮನೆಯಲ್ಲಿ ಕಟ್ಟಿದ್ದು, ಎಸೆಯಲಿಕ್ಕಾಗ್ತದಾ? ನೀನೇ ಹಂಚು."

ಹಂಚುತ್ತಾ ನಡೆದಳು. ಆ ತುದಿಯಲ್ಲಿದ್ದವರಿಗೆ ಏನೂ ಕೇಳಿಸಿರಲಿಲ್ಲ. ಲಾಡು ತೆಗೆದುಕೊಂಡು, ಹೊಟ್ಟೆ ನೋಡಿ, "ಎಷ್ಟನೇ ತಿಂಗಳು?" ಎನ್ನುತ್ತಿದ್ದರು. ಒಬ್ಬೊಬ್ಬರಿಗೂ ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದಳು.